ಅಂಡಮಾನಿನ ಎರಡು ಕಿರುಬಾನಾಡಿಗಳು

ಮಹಾನಗರದಲ್ಲಿ ಹಕ್ಕಿಗಳ ಪರಿಚಯವೆಂದರೆ ಕಾಗೆ, ಗುಬ್ಬಿ, ಪಾರಿವಾಳ ಇಷ್ಟಕ್ಕೇ ಮುಗಿಯಿತೆಂದು ಹಲವರು ಭಾವಿಸುವುದುಂಟು. ಆದರೆ ಸಂಜೆಯ ಹೊತ್ತು ಹಳೆಯ ಕಟ್ಟಡಗಳ ಮೇಲಣ ಆಕಾಶವನ್ನು ತುಸು ಹೊತ್ತು ನೋಡಿದರೆ, ಕುಡುಗೋಲಿನಂತೆ ಬಾಗಿದ ರೆಕ್ಕೆಗಳುಳ್ಳ ಕಪ್ಪು ಹಕ್ಕಿಗಳು ಗುಂಪುಗುಂಪಾಗಿ, ಕೀಚುದನಿ ಮಾಡುತ್ತ, ಬಾಣದಂತೆ ಸುತ್ತುವುದು ಕಾಣಬರುತ್ತದೆ. ಇಂಗ್ಲಿಷಿನಲ್ಲಿ ಸ್ವಿಫ್ಟ್ ಎಂದೂ ಕನ್ನಡದಲ್ಲಿ ಬಾನಾಡಿ ಎಂದೂ ಇವನ್ನು ಕರೆಯುತ್ತಾರೆ. ಸೂರಿನ ಕೆಳಗೆ, ಸೇತುವೆಗಳ ಅಡಿಯಲ್ಲಿ ಗೂಡು ಕಟ್ಟುವ ಈ ಊರ ಬಾನಾಡಿಯನ್ನು ಹೇಗೋ ಗುರುತಿಸಬಲ್ಲೆವು. ಆದರೆ ಇದೇ ಕುಲಕ್ಕೆ ಸೇರಿದ, ನಮ್ಮ ದೇಶದಲ್ಲೇ ಇದ್ದರೂ ನಮಗೆ ಅಪರಿಚಿತವಾಗಿ ಉಳಿದಿರುವ ಎರಡು ಸಣ್ಣ ಹಕ್ಕಿಗಳುಂಟು. ಅವು ಬಂಗಾಳ ಕೊಲ್ಲಿಯ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ನಿವಾಸಿಗಳು. ಒಂದೇ ದ್ವೀಪದಲ್ಲಿ, ಕೆಲವೊಮ್ಮೆ ಒಂದೇ ಗವಿಯಲ್ಲಿ ವಾಸಿಸುವ ಇವೆರಡರಲ್ಲಿ ಒಂದು ನೆಮ್ಮದಿಯಿಂದಿದೆ. ಇನ್ನೊಂದು ಅಳಿವಿನ ಅಂಚಿಗೆ ಹೋಗಿ ಬಂದಿದೆ. ಈ ಅಂತರಕ್ಕೆ ಕಾರಣ ಗೂಡು ಕಟ್ಟುವ ಸಾಮಗ್ರಿಯೊಂದೇ. ಈ ಎರಡು ಹಕ್ಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಬಾನಾಡಿಗಳ ಕುಲಲಕ್ಷಣ

ಮೊದಲು ಬಾನಾಡಿ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಮೇಲುನೋಟಕ್ಕೆ ಇದು ಕವಲುತೋಕೆಯಂತೆ, ಎಂದರೆ ಸ್ವಾಲೋ ಹಕ್ಕಿಯಂತೆ, ತೋರುತ್ತದೆ. ಎರಡೂ ಹಾರುತ್ತಲೇ ಕೀಟಗಳನ್ನು ಹಿಡಿದು ತಿನ್ನುತ್ತವೆ. ಆದರೆ ಇವುಗಳ ನಡುವೆ ರಕ್ತಸಂಬಂಧ ಬಹಳ ದೂರದ್ದು. ಬಾನಾಡಿಯ ಹತ್ತಿರದ ಬಂಧು ಅಮೆರಿಕ ಖಂಡದ ಹಮಿಂಗ್ ಹಕ್ಕಿ. ಒಂದೇ ಬಗೆಯ ಜೀವನವನ್ನು ಅವಲಂಬಿಸಿದ್ದರಿಂದ ಕವಲುತೋಕೆಗೂ ಬಾನಾಡಿಗೂ ರೂಪಸಾಮ್ಯ ಬಂದಿದೆ, ಅಷ್ಟೆ.

ಇವನ್ನು ಬೇರ್ಪಡಿಸಿ ಗುರುತಿಸಲು ಸುಲಭವಾದ ಉಪಾಯವೊಂದಿದೆ. ಕವಲುತೋಕೆಯು ತಂತಿಯ ಮೇಲೆ ಸಾಲಾಗಿ ಕೂರಬಲ್ಲದು. ಬಾನಾಡಿಗೆ ಅದು ಸಾಧ್ಯವಿಲ್ಲ. ಅದರ ಕಾಲುಗಳು ಅತಿ ಗಿಡ್ಡ. ಉಗುರುಗಳು ಕೊಕ್ಕೆಯಂತೆ ಚೂಪು. ಒರಟಾದ ಗೋಡೆಯನ್ನೋ ಬಂಡೆಯನ್ನೋ ಹಿಡಿದು ನೇತಾಡಲು ಅವು ತಕ್ಕವು. ಕೊಂಬೆಯ ಮೇಲೆ ಕೂರಲು ತಕ್ಕವಲ್ಲ. ಪಕ್ಷಿಶಾಸ್ತ್ರದಲ್ಲಿ ಈ ಕುಲಕ್ಕೆ ಇಟ್ಟ ಹೆಸರಿಗೇ ‘ಕಾಲಿಲ್ಲದ್ದು’ ಎಂಬ ಅರ್ಥವಿದೆ. ಕಾಲಿನ ಈ ಕೊರತೆಯನ್ನು ರೆಕ್ಕೆ ತುಂಬಿಕೊಟ್ಟಿದೆ. ಯೂರೋಪಿನ ಸಾಮಾನ್ಯ ಬಾನಾಡಿಯು ಮರಿಮಾಡುವ ಕಾಲವನ್ನು ಬಿಟ್ಟು, ವರ್ಷದ ಹತ್ತು ತಿಂಗಳನ್ನು ಬಹುಮಟ್ಟಿಗೆ ನೆಲ ಮುಟ್ಟದೆ ಗಾಳಿಯಲ್ಲೇ ಕಳೆಯುವುದೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೬ರಲ್ಲಿ ತೋರಿಸಿಕೊಟ್ಟರು.

ಹೀಗೆ ಗಾಳಿಯಲ್ಲೇ ಬದುಕುವ ಹಕ್ಕಿಗೆ ನೆಲಕ್ಕಿಳಿದು ಕಡ್ಡಿ, ಮಣ್ಣು ಕೂಡಿಸುವುದು ಕಷ್ಟ. ಆದ್ದರಿಂದ ಅದು ತನ್ನ ಜೊಲ್ಲನ್ನೇ ಅಂಟಾಗಿ ಬಳಸುತ್ತದೆ. ನಮ್ಮ ಊರ ಬಾನಾಡಿಯು ಗಾಳಿಯಲ್ಲಿ ತೇಲಿ ಬರುವ ಗರಿ, ಹುಲ್ಲಿನ ಎಸಳು ಮುಂತಾದವನ್ನು ಹಿಡಿದು ಜೊಲ್ಲಿನಿಂದ ಅಂಟಿಸಿ ಗೂಡು ಮಾಡುತ್ತದೆ. ಈ ಜೊಲ್ಲಿನ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಎರಡು ಹಕ್ಕಿಗಳ ರೂಪ

ಬಾನಾಡಿಗಳಲ್ಲಿ ತೀರ ಸಣ್ಣ ಗಾತ್ರದವಕ್ಕೆ ಇಂಗ್ಲಿಷಿನಲ್ಲಿ ಸ್ವಿಫ್ಟ್‌ಲೆಟ್ ಎಂದು ಹೆಸರು. ನಾವು ಇಲ್ಲಿ ಕಿರುಬಾನಾಡಿ ಎಂದು ಕರೆಯೋಣ. ಅಂಡಮಾನಿನ ಜನ ಇವನ್ನು ಹವಾಬಿಲ್ ಎನ್ನುತ್ತಾರೆ.

ಮೊದಲನೆಯದನ್ನು ಮಿರುಗು ಕಿರುಬಾನಾಡಿ ಎನ್ನೋಣ. ಇದರ ಉದ್ದ ಸುಮಾರು ೧೦ ಸೆಂಟಿಮೀಟರು, ಎಂದರೆ ಗುಬ್ಬಿಗಿಂತ ಚಿಕ್ಕದು. ಬೆನ್ನು ನೀಲಿ ಬೆರೆತ ಕಪ್ಪು; ಬಿಸಿಲು ಬಿದ್ದರೆ ಎಣ್ಣೆ ಸವರಿದಂತೆ ಮಿರುಗುತ್ತದೆ. ಹೊಟ್ಟೆ ಬಿಳಿ. ಕಾಡಿನ ತೆರವುಗಳಲ್ಲಿ, ಹಳ್ಳಗಳ ಮೇಲೆ, ಮನೆಗಳ ಅಂಗಳದಲ್ಲಿ ಕೆಳಮಟ್ಟದಲ್ಲಿಯೇ ಹಾರಾಡುವುದು ಇದರ ರೂಢಿ. ೨೦೨೪ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರಿನಲ್ಲಿ ಇದನ್ನು ಕಟ್ಟಡಗಳ ಚಾವಣಿಯ ಅಡಿಯಲ್ಲಿಯೂ ಕಾಣಬಹುದು.

ಎರಡನೆಯದನ್ನು ಬಿಳಿಗೂಡಿನ ಕಿರುಬಾನಾಡಿ ಎನ್ನೋಣ. ಇದರ ಉದ್ದ ಸುಮಾರು ೧೨ ಸೆಂಟಿಮೀಟರು. ಬೆನ್ನು ಕಪ್ಪು ಬೆರೆತ ಕಂದು, ಹೊಟ್ಟೆ ಬೂದುಗಂದು. ಮಿರುಗಿಲ್ಲ, ಬಿಳಿಯಿಲ್ಲ. ನೋಡುವುದಕ್ಕೆ ಇಷ್ಟು ಸಾಧಾರಣವಾದ ಹಕ್ಕಿ ಮತ್ತೊಂದಿಲ್ಲವೆನ್ನಬಹುದು. ಇದು ಕಾಡಿನ ಮೇಲೆ ಎತ್ತರದಲ್ಲಿ ಕೀಟಗಳನ್ನು ಬೇಟೆಯಾಡಿ, ಸಂಜೆಗೆ ಸುಣ್ಣಕಲ್ಲಿನ ಗವಿಗಳ ಒಳಭಾಗಕ್ಕೆ ಮರಳುತ್ತದೆ. ವಿಧಿಯ ವಿನೋದವೆಂದರೆ, ಅಂದವಾದ ಹಕ್ಕಿಯನ್ನು ಯಾರೂ ಬೆನ್ನಟ್ಟಲಿಲ್ಲ. ಅಂದವಿಲ್ಲದ ಹಕ್ಕಿಯ ಬೆನ್ನಿಗೆ ಇಡೀ ಒಂದು ವ್ಯಾಪಾರವೇ ಬಿದ್ದಿತು.

ಹೆಸರಿನ ಗೊಂದಲ

ಇವುಗಳ ಶಾಸ್ತ್ರೀಯ ನಾಮಗಳ ಕಥೆ ಸ್ವಾರಸ್ಯವಾದುದು. ಪೂರ್ವದೇಶಗಳಲ್ಲಿ ಹಕ್ಕಿಯೊಂದರ ಗೂಡನ್ನು ಜನ ತಿನ್ನುತ್ತಾರೆಂಬ ವರ್ತಮಾನ ಯೂರೋಪಿಗೆ ಬಹು ಹಿಂದೆಯೇ ಮುಟ್ಟಿತ್ತು. ೧೭೫೮ರಲ್ಲಿ ಸ್ವೀಡನ್ನಿನ ಮಹಾವಿಜ್ಞಾನಿ ಲಿನೇಯಸ್ ಅದಕ್ಕೆ ‘ಹಿರುಂಡೊ ಎಸ್ಕ್ಯುಲೆಂಟಾ’ ಎಂದು ಹೆಸರಿಟ್ಟನು. ಹಿರುಂಡೊ ಎಂದರೆ ಕವಲುತೋಕೆ. ಎಸ್ಕ್ಯುಲೆಂಟಾ ಎಂದರೆ ತಿನ್ನಲು ಯೋಗ್ಯವಾದದ್ದು. ಆದರೆ ಆ ಹೆಸರು ಹೋಗಿ ಅಂಟಿಕೊಂಡದ್ದು ಮಿರುಗು ಕಿರುಬಾನಾಡಿಗಳ ಗುಂಪಿಗೆ! ಅವುಗಳ ಗೂಡನ್ನು ವ್ಯಾಪಾರಿಗಳು ಕೇಳುವುದಿಲ್ಲ. ಅಲ್ಲದೆ ಅದು ಕವಲುತೋಕೆಯೂ ಅಲ್ಲ. ಒಂದೇ ಹೆಸರಿನಲ್ಲಿ ಎರಡು ತಪ್ಪು.

ಮುಂದೆ ೧೮೧೨ರಲ್ಲಿ, ಲಿನೇಯಸನ ಶಿಷ್ಯನೇ ಆದ ಥುನ್‌ಬರ್ಗ್ ನಿಜವಾಗಿ ಗೂಡು ತಿನ್ನಿಸಿಕೊಳ್ಳುವ ಹಕ್ಕಿಗೆ ‘ಫ್ಯೂಸಿಫಾಗಾ’ ಎಂದು ಹೆಸರಿಟ್ಟನು. ಇದರ ಅರ್ಥ ಕಡಲಪಾಚಿ ತಿನ್ನುವುದು. ಬಿಳಿಯ, ಪಾರದರ್ಶಕವಾದ ಆ ಗೂಡು ಸಮುದ್ರದ ಪಾಚಿಯಿಂದ ಆದದ್ದೆಂಬ ನಂಬಿಕೆ ಆಗ ಪ್ರಚಲಿತವಾಗಿತ್ತು. ಈ ಹಕ್ಕಿ ಪಾಚಿಯನ್ನು ಮುಟ್ಟುವುದೂ ಇಲ್ಲ. ಅದರ ಆಹಾರ ಹಾರುವ ಕೀಟ ಮಾತ್ರ. ಹೀಗೆ, ಗೂಡು ತಿನ್ನಲಾಗದ ಹಕ್ಕಿಗೆ ‘ತಿನ್ನುವಂಥದು’ ಎಂದೂ, ಪಾಚಿ ತಿನ್ನದ ಹಕ್ಕಿಗೆ ‘ಪಾಚಿ ತಿನ್ನುವುದು’ ಎಂದೂ ಹೆಸರು ನಿಂತುಹೋಯಿತು. ಶಾಸ್ತ್ರದ ನಿಯಮದಂತೆ ಮೊದಲಿಟ್ಟ ಹೆಸರನ್ನು ಅರ್ಥ ಹೊಂದದೆಂಬ ಕಾರಣಕ್ಕೆ ಬದಲಿಸುವಂತಿಲ್ಲ. ಅಂಡಮಾನಿನ ಮಿರುಗು ಕಿರುಬಾನಾಡಿಯನ್ನು ಈಗ ಪಕ್ಷಿಶಾಸ್ತ್ರಜ್ಞರು ಪ್ರತ್ಯೇಕ ಜಾತಿಯಾಗಿ ಎಣಿಸಿ ಕೊಲೊಕೇಲಿಯ ಅಫಿನಿಸ್ ಎನ್ನುತ್ತಾರೆ. ಬಿಳಿಗೂಡಿನ ಹಕ್ಕಿಯ ಈಗಿನ ಹೆಸರು ಏರೋಡ್ರಾಮಸ್ ಫ್ಯೂಸಿಫಾಗಸ್. ಇದರ ಅಂಡಮಾನ್-ನಿಕೋಬಾರಿನ ಉಪಜಾತಿಯನ್ನು ೧೮೭೩ರಲ್ಲಿ ವರ್ಣಿಸಿದವರು ಎ. ಓ. ಹ್ಯೂಮ್, ಮುಂದೆ ೧೮೮೫ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣರಾದವರೂ ಅವರೇ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು.

ಗೂಡಿನ ಅಂತರ

ಮಿರುಗು ಕಿರುಬಾನಾಡಿಯ ಗೂಡು ಅರ್ಧ ಬಟ್ಟಲಿನ ಆಕಾರದ್ದು. ಹಾವಸೆ, ಕಲ್ಲುಹೂವು, ನವುರಾದ ನಾರು, ಹುಲ್ಲು ಇವನ್ನೆಲ್ಲ ಕೂಡಿಸಿ, ನಡುನಡುವೆ ಜೊಲ್ಲು ಹಚ್ಚಿ ಗೋಡೆಗೆ ಅಂಟಿಸಿರುತ್ತದೆ. ಇಲ್ಲಿ ಜೊಲ್ಲು ಗಾರೆಯಂತೆ, ಇಟ್ಟಿಗೆ ಬೇರೆ. ಬಿಳಿಗೂಡಿನ ಹಕ್ಕಿಯದಾದರೋ ಗಾರೆಯೇ ಇಟ್ಟಿಗೆ, ಗಾರೆಯೇ ಗೋಡೆ. ಅದರ ಗೂಡು ಬಹುಮಟ್ಟಿಗೆ ಶುದ್ಧ ಜೊಲ್ಲಿನದು. ಮರಿಮಾಡುವ ಕಾಲ ಬಂದಾಗ ಅದರ ನಾಲಗೆಯ ಕೆಳಗಿನ ಗ್ರಂಥಿಗಳು ಊದಿಕೊಳ್ಳುತ್ತವೆ. ಗಂಡು ಹೆಣ್ಣು ಎರಡೂ ಸೇರಿ, ರಾತ್ರಿಯ ವೇಳೆ, ಬಂಡೆಗೆ ಬಾಯಿ ತಾಗಿಸಿ ತಲೆಯನ್ನು ಅತ್ತಿತ್ತ ಆಡಿಸುತ್ತ ಜೊಲ್ಲಿನ ಎಳೆಗಳನ್ನು ಎಳೆಯುತ್ತವೆ. ಎಳೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಮತ್ತೊಂದು ಎಳೆ. ಹೀಗೆ ಒಂದು ತಿಂಗಳೋ ಅದಕ್ಕೂ ಹೆಚ್ಚೋ ದುಡಿದ ಮೇಲೆ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ, ಕೆಲವೇ ಗ್ರಾಂ ತೂಗುವ ಬಿಳಿಯ ಗೂಡು ಸಿದ್ಧವಾಗುತ್ತದೆ.

ಎರಡು ಜಾತಿಗಳೂ ಎರಡೆರಡು ಬಿಳಿಯ ಮೊಟ್ಟೆ ಇಡುತ್ತವೆ. ಬಿಳಿಗೂಡಿನ ಹಕ್ಕಿಯ ಮೊಟ್ಟೆಗೆ ಮೂರು ವಾರಕ್ಕೂ ಮಿಕ್ಕಿ ಕಾವು ಬೇಕು. ಮರಿಗಳು ಹಾರಲು ಮತ್ತೆ ಆರು ವಾರಗಳಷ್ಟು ಬೇಕು. ಗೂಡಿನ ಮೊದಲ ಎಳೆಯಿಂದ ಮರಿಯ ಮೊದಲ ಹಾರಾಟದವರೆಗೆ ಲೆಕ್ಕ ಹಾಕಿದರೆ ಮೂರು ತಿಂಗಳಿಗೂ ಮೀರುತ್ತದೆ. ಅಷ್ಟು ಕಾಲವೂ ಆ ಗೂಡು ಬಂಡೆಯ ಮೇಲೆ ಉಳಿದಿರಬೇಕು. ನಡುವೆ ಅದನ್ನು ಕಿತ್ತರೆ ಹಕ್ಕಿ ಮತ್ತೆ ಮೊದಲಿನಿಂದ ಕಟ್ಟುತ್ತದೆ. ಅದನ್ನೂ ಕಿತ್ತರೆ ಮತ್ತೊಮ್ಮೆ. ಆದರೆ ಮೈಯೊಳಗಿನ ಕಸುವು ಅಕ್ಷಯವಲ್ಲ, ಮರಿಮಾಡುವ ಕಾಲವೂ ಅನಂತವಲ್ಲ.

ಕತ್ತಲೆಯಲ್ಲಿ ದಾರಿ

ಎರಡು ಹಕ್ಕಿಗಳಿಗೂ ಇರುವ ಮತ್ತೊಂದು ದೊಡ್ಡ ಅಂತರ ಕಿವಿಯದು. ಮಿರುಗು ಕಿರುಬಾನಾಡಿಯು ಗವಿಯಲ್ಲಿ ಗೂಡು ಕಟ್ಟಿದರೂ, ಬಾಗಿಲಿನ ಬಳಿ, ಬೆಳಕು ಬೀಳುವ ಜಾಗದಲ್ಲಿ ಮಾತ್ರ ಕಟ್ಟುತ್ತದೆ. ಬಿಳಿಗೂಡಿನ ಹಕ್ಕಿಯು ಕಣ್ಣು ಕಾಣದ ಕಗ್ಗತ್ತಲೆಯ ಒಳಗವಿಗೆ ನಿರ್ಭಯವಾಗಿ ಹಾರಿಹೋಗುತ್ತದೆ. ಹೋಗುವಾಗ ‘ಟಕ್-ಟಕ್-ಟಕ್’ ಎಂದು ಒಂದೇ ಸಮನೆ ಸದ್ದು ಮಾಡುತ್ತದೆ. ಆ ಸದ್ದು ಬಂಡೆಗೆ ತಾಗಿ ಮರುದನಿಯಾಗಿ ಹಿಂದಿರುಗುತ್ತದೆ. ಮರುದನಿ ಬರಲು ಹಿಡಿದ ಕಾಲದಿಂದ ಹಕ್ಕಿಯು ಬಂಡೆಯ ದೂರವನ್ನು ಅರಿಯುತ್ತದೆ.

ಇದನ್ನು ಲೆಕ್ಕ ಹಾಕಿ ನೋಡೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಗೋಡೆ ೩.೪ ಮೀಟರು ದೂರದಲ್ಲಿದ್ದರೆ ಶಬ್ದವು ಹೋಗಿ ಬರಲು ೬.೮ ಮೀಟರು ಸಾಗಬೇಕು. ೬.೮ನ್ನು ೩೪೦ರಿಂದ ಭಾಗಿಸಿದರೆ ಬರುವುದು ೦.೦೨, ಎಂದರೆ ಸೆಕೆಂಡಿನ ಐವತ್ತನೆಯ ಒಂದು ಭಾಗ. ಅಷ್ಟು ಸೂಕ್ಷ್ಮವಾದ ಕಾಲವನ್ನು ಕೆಲವೇ ಗ್ರಾಂ ತೂಗುವ ಹಕ್ಕಿಯ ಮಿದುಳು ಹಾರಾಟದ ನಡುವೆಯೇ ಅಳೆಯುತ್ತದೆ!

ಬಾವಲಿಗಳಲ್ಲಿಯೂ ಈ ವಿದ್ಯೆ ಉಂಟಷ್ಟೆ. ಆದರೆ ಅವುಗಳ ದನಿ ಬಹು ತಾರವಾದುದು, ಮನುಷ್ಯನ ಕಿವಿಗೆ ನಿಲುಕದು. ಕಿರುಬಾನಾಡಿಯ ಟಕಟಕ ಸದ್ದು ನಮಗೂ ಕೇಳುತ್ತದೆ. ದನಿ ತಗ್ಗಿದಷ್ಟೂ ಅದರ ಅಲೆ ಉದ್ದವಾಗುತ್ತದೆ. ಉದ್ದದ ಅಲೆ ಅತಿ ಸಣ್ಣ ವಸ್ತುವಿಗೆ ತಾಗಿ ಸರಿಯಾಗಿ ಹಿಂದಿರುಗಲಾರದು. ಆದ್ದರಿಂದ ಬಾವಲಿಯು ಕತ್ತಲೆಯಲ್ಲಿ ಸೊಳ್ಳೆಯನ್ನೂ ಹಿಡಿಯಬಲ್ಲದು. ಕಿರುಬಾನಾಡಿಯಾದರೋ ಗೋಡೆಯನ್ನೂ ಬಂಡೆಯನ್ನೂ ತಪ್ಪಿಸಿಕೊಂಡು ಗೂಡು ಸೇರಬಲ್ಲದೇ ಹೊರತು, ಬೇಟೆಗೆ ಹಗಲನ್ನೂ ಕಣ್ಣನ್ನೂ ನಂಬಲೇಬೇಕು. ಪಕ್ಷಿಗಳಲ್ಲಿ ಈ ವಿದ್ಯೆ ಬಲ್ಲವು ಕಿರುಬಾನಾಡಿಗಳನ್ನು ಬಿಟ್ಟರೆ ದಕ್ಷಿಣ ಅಮೆರಿಕದ ಆಯಿಲ್‌ಬರ್ಡ್ ಒಂದೇ ಎನ್ನಬಹುದು. ಬೋರ್ನಿಯೋ ದ್ವೀಪದ ಗವಿಗಳಲ್ಲಿ ಕಿರುಬಾನಾಡಿಗಳನ್ನು ಅಭ್ಯಾಸ ಮಾಡಿದ ಲಾರ್ಡ್ ಮೆಡ್‌ವೇ ಎಂಬ ವಿದ್ವಾಂಸರು ೧೯೫೯ರಲ್ಲಿ ಈ ವಿಷಯವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅನಂತರ ಮರುದನಿ ಬಲ್ಲ ಕಿರುಬಾನಾಡಿಗಳನ್ನು ಒಂದು ಕುಲವೆಂದೂ, ಮಿರುಗುವ, ಮರುದನಿ ಅರಿಯದವುಗಳನ್ನು ಇನ್ನೊಂದು ಕುಲವೆಂದೂ ವಿಂಗಡಿಸಲಾಯಿತು. ಆದರೆ ಫಿಲಿಪೀನ್ಸಿನ ಒಂದು ಪುಟ್ಟ ಜಾತಿ, ಮಿರುಗು ಕುಲಕ್ಕೆ ಸೇರಿದ್ದರೂ ಟಕಟಕ ಸದ್ದು ಮಾಡುವುದೆಂದು ೨೦೦೪ರಲ್ಲಿ ಪ್ರಕಟವಾಗಿ, ಈ ವಿಂಗಡಣೆಗೂ ಅಪವಾದ ಉಂಟೆಂದಾಯಿತು. ಪ್ರಕೃತಿಯು ನಮ್ಮ ಪಟ್ಟಿಗಳಿಗೆ ತಕ್ಕಂತೆ ನಡೆಯಬೇಕೆಂಬ ನಿಯಮವೇನೂ ಇಲ್ಲ.

ಗೂಡಿಗೆ ಬಂದ ಬೆಲೆ

ಕತ್ತಲ ಗವಿಯು ಹದ್ದು, ಕಾಗೆಗಳಿಂದ ಹಕ್ಕಿಯನ್ನು ಕಾಪಾಡಿತು. ಪಂಜು ಹಿಡಿದ ಮನುಷ್ಯನಿಂದ ಕಾಪಾಡಲಿಲ್ಲ. ಬಿಳಿಯ ಗೂಡನ್ನು ನೆನೆಸಿ, ಗರಿ ಕಸಗಳನ್ನು ಆಯ್ದು, ಸಾರು ಮಾಡಿ ಕುಡಿಯುವುದು ಚೀನೀಯರಲ್ಲಿ ಶತಮಾನಗಳಿಂದ ಬಂದ ಪದ್ಧತಿ. ಅದು ದೇಹಕ್ಕೆ ಪುಷ್ಟಿ ಕೊಡುತ್ತದೆಂಬ ನಂಬಿಕೆಯುಂಟು. ರಾಸಾಯನಿಕವಾಗಿ ನೋಡಿದರೆ ಅದು ಸಸಾರಜನಕವೂ ಸಕ್ಕರೆಯ ಅಂಶಗಳೂ ಕೂಡಿದ ವಸ್ತು. ಹಾಂಗ್‌ಕಾಂಗ್, ಸಿಂಗಪುರಗಳ ಪೇಟೆಯಲ್ಲಿ ಅದರ ಬೆಲೆ ಏರಿದಂತೆಲ್ಲ ಅಂಡಮಾನಿನ ಗವಿಗಳಿಗೆ ಏಣಿಗಳು ಬಂದವು. ಒಬ್ಬನು ಗೂಡು ಪೂರ್ಣವಾಗಲೆಂದು ಕಾದರೆ ಮತ್ತೊಬ್ಬನು ಬಂದು ಕೀಳುತ್ತಾನೆ. ಆದ್ದರಿಂದ ಯಾರೂ ಕಾಯಲಿಲ್ಲ. ಮೊಟ್ಟೆ ಇದ್ದರೂ ಮರಿ ಇದ್ದರೂ ಎಸೆದು ಗೂಡನ್ನು ಒಯ್ದರು. ೧೯೯೦ರ ದಶಕದಲ್ಲಿ ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಡಾ. ರವಿ ಶಂಕರನ್ ಅವರು ಆ ದ್ವೀಪಗಳ ಗವಿಗವಿಗಳನ್ನೂ ಹೊಕ್ಕು ಎಣಿಸಿದಾಗ, ಹಕ್ಕಿಯ ಸಂಖ್ಯೆ ಭೀಕರವಾಗಿ ಕುಸಿದಿರುವುದು ಗೊತ್ತಾಯಿತು.

ಅದೇ ಗವಿಯ ಬಾಗಿಲಲ್ಲಿ ಮಿರುಗು ಕಿರುಬಾನಾಡಿಯು ಹಾವಸೆಯ ಗೂಡಿನಲ್ಲಿ ಸುಖವಾಗಿ ಮರಿಮಾಡುತ್ತಿತ್ತು. ಏಣಿ ಹೊತ್ತವರು ಅದರ ಗೂಡಿನ ಕೆಳಗೇ ನಡೆದುಹೋದರು.

ಕಳ್ಳನೇ ಕಾವಲುಗಾರ

ಡಾ. ಶಂಕರನ್ ಅವರು ಕಂಡ ಪರಿಹಾರ ಕೇವಲ ನಿಷೇಧವಲ್ಲ. ಗೂಡು ಕೀಳುವವರಲ್ಲಿ ಹೆಚ್ಚಿನವರು ಬಡವರು. ಗವಿಯ ಪ್ರತಿಯೊಂದು ಸಂದಿಯನ್ನೂ ಬಲ್ಲವರು. ಅವರನ್ನೇ ಸಂಬಳ ಕೊಟ್ಟು ಕಾವಲಿಗೆ ನಿಲ್ಲಿಸಿದರೆ ಹೇಗೆ? ಮರಿಗಳು ಹಾರಿಹೋದ ಮೇಲೆ ಬರಿದಾದ ಗೂಡನ್ನು ತೆಗೆದರೆ ಹಕ್ಕಿಗೆ ನಷ್ಟವಿಲ್ಲ, ಮನುಷ್ಯನಿಗೆ ಲಾಭವುಂಟು. ಈ ವಿಚಾರದ ಮೇಲೆ ಅಂಡಮಾನಿನ ಅರಣ್ಯ ಇಲಾಖೆಯೂ ಆ ಕೇಂದ್ರವೂ ಸೇರಿ, ಶತಮಾನ ಮುಗಿಯುವ ಹೊತ್ತಿಗೆ, ಇಂಟರ್‌ವ್ಯೂ ದ್ವೀಪದಲ್ಲಿಯೂ ಉತ್ತರ ಅಂಡಮಾನಿನ ಚಾಲೀಸ್-ಏಕ್ ಗುಡ್ಡದ ಗವಿಗಳಲ್ಲಿಯೂ ಕಾವಲು ಆರಂಭಿಸಿದವು. ಹಿಂದೆ ಗೂಡು ಕಿತ್ತ ಕೈಗಳೇ ಗೂಡು ಕಾದವು. ಕಾವಲಿದ್ದ ಗವಿಗಳಲ್ಲಿ ಮರಿಗಳು ಹಾರತೊಡಗಿದವು. ೨೦೦೯ರಲ್ಲಿ ಡಾ. ಶಂಕರನ್ ಅವರು ಅಕಾಲ ಮರಣಕ್ಕೆ ತುತ್ತಾದುದು ನಮ್ಮ ದೇಶದ ಪಕ್ಷಿಶಾಸ್ತ್ರಕ್ಕೆ ದೊಡ್ಡ ನಷ್ಟ.

ಇಲ್ಲಿ ಮಿರುಗು ಕಿರುಬಾನಾಡಿಯ ಪಾತ್ರವೂ ಒಂದುಂಟು. ಜಾವಾ ದ್ವೀಪದಲ್ಲಿ ಜನ ಹಿಂದಿನಿಂದಲೂ ಒಂದು ಉಪಾಯ ಬಲ್ಲರು. ಮನೆಯೊಳಗೆ ಗೂಡು ಕಟ್ಟಿದ ಮಿರುಗು ಜಾತಿಯ ಹಕ್ಕಿಯ ಮೊಟ್ಟೆಯ ಬದಲಿಗೆ ಬಿಳಿಗೂಡಿನ ಹಕ್ಕಿಯ ಮೊಟ್ಟೆಯನ್ನು ಇಡುತ್ತಾರೆ. ಎರಡರ ಆಹಾರವೂ ಒಂದೇ ಬಗೆಯ ಕೀಟವಾದುದರಿಂದ ಸಾಕುತಾಯಿ ಕೊಟ್ಟ ತುತ್ತು ಮರಿಗೆ ಒಗ್ಗುತ್ತದೆ. ಬೆಳೆದ ಮರಿಯು ತಾನು ಹುಟ್ಟಿದ ಮನೆಗೇ ಮರಳಿ ಬಂದು, ಅಲ್ಲಿಯೇ ಬಿಳಿಯ ಗೂಡು ಕಟ್ಟುತ್ತದೆ. ಕೋಗಿಲೆಯ ಮರಿಯನ್ನು ಕಾಗೆ ಸಾಕುವುದನ್ನು ನಾವೆಲ್ಲ ಬಲ್ಲೆವು. ಇಲ್ಲಿ ಆ ಏರ್ಪಾಡನ್ನು ಮನುಷ್ಯನೇ ಮಾಡುತ್ತಾನೆ. ಇಂದು ಇಂಡೋನೇಷ್ಯ, ಮಲೇಷ್ಯಗಳಲ್ಲಿ ಇವುಗಳಿಗಾಗಿಯೇ ಕಟ್ಟಿದ ಕತ್ತಲೆಯ ಮನೆಗಳು ಲೆಕ್ಕವಿಲ್ಲದಷ್ಟಿವೆ. ಪೇಟೆಗೆ ಬರುವ ಗೂಡಿನ ಹೆಚ್ಚಿನ ಪಾಲು ಅಲ್ಲಿಯದೇ. ಅಂಡಮಾನಿನಲ್ಲಿಯೂ ಈ ಪ್ರಯೋಗಕ್ಕೆ ಕೈಹಾಕಲಾಯಿತು. ಬೆಲೆಯಿಲ್ಲದ ಗೂಡಿನ ಹಕ್ಕಿಯು ಬೆಲೆಯುಳ್ಳ ಗೂಡಿನ ಹಕ್ಕಿಗೆ ದಾದಿಯಾಯಿತು.

ನಮ್ಮ ಕರಾವಳಿಯ ಬಂಧು

ಇದೆಲ್ಲ ದೂರದ ದ್ವೀಪದ ಮಾತೆಂದು ಓದುಗರು ಸುಮ್ಮನಾಗಬಾರದು. ಇವೆರಡರ ನಡುವಿನ ಗುಣವುಳ್ಳ ಮೂರನೆಯದೊಂದು ಜಾತಿ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಸಿಂಹಳದಲ್ಲಿಯೂ ಇದೆ. ೧೮೪೦ರಲ್ಲಿ ಜೆರ್ಡನ್ ಎಂಬ ವೈದ್ಯರು ಇದನ್ನು ವರ್ಣಿಸಿದರು. ಬಿಳಿಗೂಡಿನ ಹಕ್ಕಿಯಂತೆ ಇದೂ ಕತ್ತಲೆಯಲ್ಲಿ ಟಕಟಕ ಸದ್ದಿನಿಂದ ದಾರಿ ಕಾಣುತ್ತದೆ. ಮಿರುಗು ಹಕ್ಕಿಯಂತೆ ಗೂಡಿಗೆ ಜೊಲ್ಲಿನ ಜೊತೆ ಹಾವಸೆ, ಹುಲ್ಲು, ಗರಿಗಳನ್ನು ಬೆರೆಸುತ್ತದೆ. ಮುರ್ಡೇಶ್ವರದ ಎದುರಿನ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಗವಿಯೂ, ಕೊಂಕಣದ ವೆಂಗುರ್ಲೆಯ ಎದುರಿನ ಬಂಡೆದ್ವೀಪಗಳೂ ಇದರ ಹೆಸರಾಂತ ನೆಲೆಗಳು. ಇದರ ಗೂಡಿನ ಬೆಲೆ ಕಡಿಮೆಯಾದರೂ ಆಸೆಯ ಕೈ ಇಲ್ಲಿಗೂ ಚಾಚಿತು. ವೆಂಗುರ್ಲೆಯ ಗವಿಗಳಲ್ಲಿ ಗೂಡು ಕದಿಯುತ್ತಿದ್ದುದು ಈ ಶತಮಾನದ ಆರಂಭದಲ್ಲಿ ಬೆಳಕಿಗೆ ಬಂದಿತು. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಎಂಬ ಸಂಸ್ಥೆಯವರು ಅವುಗಳ ರಕ್ಷಣೆಗೆ ಶ್ರಮಿಸಿದರು. ಊರಿಗೆ ಹೋಗುವಾಗ ಕೊಂಕಣದ ರೈಲಿನಲ್ಲಿ ಆ ಕರಾವಳಿಯ ಉದ್ದಕ್ಕೂ ಸಾಗುವ ನಮ್ಮ ವಿದ್ಯಾರ್ಥಿಗಳು, ಕಡಲಿನ ಆಚೆ ಇಂಥ ಗವಿಗಳೂ ಇಂಥ ಜೀವಗಳೂ ಇವೆಯೆಂಬುದನ್ನು ಅರಿತಿರುವುದು ಒಳ್ಳೆಯದು.

ಉಪಸಂಹಾರ

ಈ ಹೋಲಿಕೆಯಿಂದ ತಿಳಿದುಬರುವುದಿಷ್ಟು. ಗಾತ್ರದಲ್ಲಿ ಎರಡು ಸೆಂಟಿಮೀಟರಿನ ಅಂತರ, ಬಣ್ಣದಲ್ಲಿ ಮಿರುಗು-ಮಸುಕಿನ ಅಂತರ, ನೆಲೆಯಲ್ಲಿ ಬೆಳಕು-ಕತ್ತಲೆಯ ಅಂತರ. ಇವೆಲ್ಲ ಪ್ರಕೃತಿ ಮಾಡಿದ ಅಂತರಗಳು. ಇವುಗಳಿಂದ ಯಾವ ಹಕ್ಕಿಗೂ ಕೇಡಾಗಲಿಲ್ಲ. ಬೆಲೆಯ ಅಂತರವೊಂದನ್ನು ಮಾತ್ರ ಮನುಷ್ಯನು ಮಾಡಿದನು, ಕೇಡಾದದ್ದು ಅದರಿಂದ. ಆದರೆ ಅದೇ ಮನುಷ್ಯನು ಲೆಕ್ಕ ಹಾಕಿ, ಮರಿ ಹಾರುವವರೆಗೆ ಮೂರು ತಿಂಗಳು ಕಾಯಬೇಕೆಂಬುದನ್ನು ಅರಿತು, ಕಾಯಲು ಮನಸ್ಸು ಮಾಡಿದಾಗ ಗವಿಯಲ್ಲಿ ಮತ್ತೆ ಟಕಟಕ ಸದ್ದು ಹೆಚ್ಚಿತು. ಹಕ್ಕಿಯನ್ನು ಉಳಿಸಲು ಬೇಕಾದದ್ದು ಕನಿಕರವೊಂದೇ ಅಲ್ಲ, ಅದರ ದಿನಚರಿಯ ಸರಿಯಾದ ಜ್ಞಾನವೂ ಹೌದು. ನಮ್ಮ ಶಾಲೆಯ ಕಿಟಕಿಯಿಂದ ಕಾಣುವ ಊರ ಬಾನಾಡಿಯಿಂದಲೇ ಆ ಜ್ಞಾನವನ್ನು ಆರಂಭಿಸಬಹುದು. ಅದು ಎಂದು ಗೂಡು ಕಟ್ಟಲು ತೊಡಗಿತು, ಏನನ್ನು ಕಚ್ಚಿ ತಂದಿತು, ಮರಿ ಎಂದು ಹಾರಿತು ಎಂಬುದನ್ನು ತಾರೀಖು ಸಹಿತ ಒಂದು ಪುಸ್ತಕದಲ್ಲಿ ಬರೆದಿಡುವ ವಿದ್ಯಾರ್ಥಿಯು, ತನಗೆ ಅರಿವಿಲ್ಲದೆಯೇ, ಶಾಸ್ತ್ರದ ಮೊದಲ ಮೆಟ್ಟಿಲನ್ನು ಏರಿದಂತಾಗುತ್ತದೆ.